ಟಿಕೆಟ್ ಪುಕ್ಕಟೆ, ಬಸ್ ಯಾರದು?

ಸರ್ಕಾರದ ಕಲ್ಯಾಣ ಕಾರ್ಯಕ್ರಮಗಳೆಲ್ಲ ಸಮಾಜವಾದವೇ? ಪಿಯುಸಿ ರಾಜ್ಯಶಾಸ್ತ್ರದ ತರಗತಿಯಲ್ಲಿ ಇಷ್ಟು ಬೇಗ ಬಿಸಿಯೇರುವ ಚರ್ಚಾ ವಿಷಯ ಇನ್ನೊಂದು ಸಿಗಲಾರದು. ಬೆಂಗಳೂರಿನ ಜೋಗುಪಾಳ್ಯದಂಥ ಕಡೆ ಅದು ಪಠ್ಯಪುಸ್ತಕದೊಳಗೆ ಉಳಿಯುವುದೂ ಇಲ್ಲ. ಒಂದು ಮಗ್ಗುಲಿಗೆ ಹಲಸೂರಿನ ಹಳೇ ಗಲ್ಲಿಗಳು, ಇನ್ನೊಂದು ಮಗ್ಗುಲಿಗೆ ಕೇಂಬ್ರಿಡ್ಜ್ ಲೇಔಟ್, ಅದರಾಚೆ ಇಂದಿರಾನಗರದ ಶೋರೂಮು, ಹೋಟೆಲುಗಳು. ತಾಯಿಯ ಖಾತೆಗೆ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ಬೀಳುವ ಹುಡುಗಿ, ಆದಾಯ ತೆರಿಗೆ ಕಟ್ಟುವ ಮನೆಯ ಹುಡುಗ, ಎಚ್‌ಎಎಲ್‌ನಲ್ಲೋ ಐಟಿಐ ಎಂಬ ಸರ್ಕಾರಿ ದೂರವಾಣಿ ಕಾರ್ಖಾನೆಯಲ್ಲೋ ದುಡಿದು ನಿವೃತ್ತರಾದ ತಾತನ ಮೊಮ್ಮಗ ಇಲ್ಲಿ ಒಂದೇ ಬೆಂಚಿನಲ್ಲಿ ಕೂತಿರಬಹುದು. ಹೀಗಾಗಿ ಯಾರು ಏನೇ ಹೇಳಿದರೂ ಪಕ್ಕದವರ ಮನೆಯ ವಿಷಯ ಮಾತಾಡಿದಂತೆ ಆಗುತ್ತದೆ.

ಇಂಥ ಚರ್ಚೆಯಲ್ಲಿ ಸಾಮಾನ್ಯವಾಗಿ ಮೂರು ಗುಂಪಾಗುತ್ತವೆ. ಇದು ಸಮಾಜವಾದ, ಹಾಗಾಗಿ ಒಳ್ಳೆಯದು ಎನ್ನುವವರು ಮೊದಲ ಗುಂಪು. ಇದು ಸಮಾಜವಾದ, ಹಾಗಾಗಿಯೇ ದೇಶ ಹಾಳಾಗುತ್ತಿದೆ ಎನ್ನುವವರು ಎರಡನೆಯದು. ಇದು ಸಮಾಜವಾದವೇ ಅಲ್ಲ ಎನ್ನುವ ಮೂರನೆಯ ಗುಂಪಿನಲ್ಲಿ ಒಬ್ಬಿಬ್ಬರಷ್ಟೇ ಇರುತ್ತಾರೆ. ಮೊದಲ ಎರಡು ಗುಂಪುಗಳು ಎಷ್ಟೇ ಕಿತ್ತಾಡಿದರೂ ಮೂಲ ಮಾತಿನಲ್ಲಿ ಒಂದಾಗಿವೆ. ಆ ಮೂಲ ಮಾತೇ ಸರಿಯೋ ಎಂದು ಕೇಳುವುದು ಮೂರನೆಯವರು ಮಾತ್ರ. ಇತಿಹಾಸ ಬಹುಮಟ್ಟಿಗೆ ಅವರ ಪರವಾಗಿದೆ. ಆದರೆ ಕರ್ನಾಟಕದ ಮಟ್ಟಿಗೆ ಅವರ ವಾದಕ್ಕೂ ಒಂದು ತಿದ್ದುಪಡಿ ಬೇಕು.

ಸಂವಿಧಾನದ ಸಾಕ್ಷ್ಯ

ಮೊದಲ ಗುಂಪಿನವರು ನೇರವಾಗಿ ಸಂವಿಧಾನದ ಪ್ರಸ್ತಾವನೆಯನ್ನು ತೋರಿಸುತ್ತಾರೆ. ಅಲ್ಲಿ ‘ಸಮಾಜವಾದಿ’ ಎಂಬ ಪದ ಇದೆ, ನಿಜ. ಅದು ಸೇರಿದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿಯ ಮೂಲಕ. ಸಂವಿಧಾನ ರಚನಾ ಸಭೆಯಲ್ಲಿ ಕೆ.ಟಿ. ಶಾ ಅವರು 1948ರ ನವೆಂಬರ್‌ನಲ್ಲೇ ಈ ಪದವನ್ನು ಸಂವಿಧಾನಕ್ಕೆ ಸೇರಿಸಲು ಸೂಚನೆ ತಂದಿದ್ದರು. ಅಂಬೇಡ್ಕರ್ ಒಪ್ಪಲಿಲ್ಲ. ಮುಂದಿನ ಪೀಳಿಗೆಯವರು ಸಮಾಜವನ್ನು ಹೇಗೆ ಕಟ್ಟಿಕೊಳ್ಳಬೇಕೆಂದು ಇಂದೇ ಕಟ್ಟಿಹಾಕುವುದು ಪ್ರಜಾಪ್ರಭುತ್ವಕ್ಕೆ ತಕ್ಕುದಲ್ಲ ಎಂಬುದು ಅವರ ಮೊದಲ ಕಾರಣ. ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲೇ ಸಮಾಜವಾದದ ಆಶಯಗಳು ಇವೆಯಲ್ಲ ಎಂಬುದು ಎರಡನೆಯದು. ಇದೇ ಅಂಬೇಡ್ಕರ್ 1947ರಲ್ಲಿ ಬರೆದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ವಿಮೆ, ಮೂಲ ಕೈಗಾರಿಕೆ, ಕೃಷಿಭೂಮಿ ಎಲ್ಲವೂ ಸರ್ಕಾರದ ಒಡೆತನದಲ್ಲಿರಬೇಕೆಂದು ವಾದಿಸಿದ್ದರು. ಅವರ ಪಾಲಿಗೆ ಸಮಾಜವಾದವೆಂದರೆ ಒಡೆತನದ ಪ್ರಶ್ನೆ. ಅಕ್ಕಿ ಹಂಚುವುದರಲ್ಲಿ ಮುಗಿಯುವ ವಿಷಯ ಅದಾಗಿರಲಿಲ್ಲ.

ಮುಂದೆ ಈ ಪದ ಎಲ್ಲರ ಮನೆಯ ಹೊಸ್ತಿಲಿಗೂ ಬಂದು ಕೂತಿತು. 1980ರಲ್ಲಿ ಹುಟ್ಟಿದ ಬಿಜೆಪಿ ‘ಗಾಂಧೀವಾದಿ ಸಮಾಜವಾದ’ವನ್ನು ತನ್ನ ಧ್ಯೇಯವೆಂದು ಸಾರಿತು. 1989ರಿಂದ ಈಚೆಗೆ ನೋಂದಣಿ ಬಯಸುವ ಪ್ರತಿ ರಾಜಕೀಯ ಪಕ್ಷವೂ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನಂತೆ ಸಮಾಜವಾದಕ್ಕೆ ನಿಷ್ಠೆ ತೋರಬೇಕು. ಖಾಸಗೀಕರಣವೇ ತನ್ನ ಕಾರ್ಯಸೂಚಿ ಎನ್ನುವ ಪಕ್ಷವೂ ಇದನ್ನು ಬರೆದುಕೊಡಲೇಬೇಕು! ಎಲ್ಲರೂ ಸಮಾಜವಾದಿಗಳೇ ಆದಾಗ ಯಾರೂ ಸಮಾಜವಾದಿ ಆಗಬೇಕಾದ ಜರೂರು ಉಳಿಯುವುದಿಲ್ಲ.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಪ್ಪತ್ತು ದಿನಗಳ ಅಂತರದಲ್ಲಿ ಎರಡು ತೀರ್ಪು ಕೊಟ್ಟಿತು. ಪ್ರಸ್ತಾವನೆಯಿಂದ ಆ ಪದವನ್ನು ಕಿತ್ತುಹಾಕಬೇಕೆಂಬ ಅರ್ಜಿಗಳನ್ನು 25ರಂದು ವಜಾ ಮಾಡಿತು. ಭಾರತದ ಸಂದರ್ಭದಲ್ಲಿ ಸಮಾಜವಾದವೆಂದರೆ ಮುಖ್ಯವಾಗಿ ಕಲ್ಯಾಣ ರಾಜ್ಯ ಮತ್ತು ಅವಕಾಶಗಳ ಸಮಾನತೆ, ಅದು ಖಾಸಗಿ ಉದ್ಯಮಕ್ಕೆ ಅಡ್ಡಿಯಲ್ಲ ಎಂದು ಹೇಳಿತು. ಅದಕ್ಕೂ ಮೊದಲು 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿಯವರ ಪ್ರತಿಯೊಂದು ಆಸ್ತಿಯೂ 39(ಬಿ) ವಿಧಿ ಹೇಳುವ ‘ಸಮುದಾಯದ ಸಂಪನ್ಮೂಲ’ ಆಗುವುದಿಲ್ಲ ಎಂದು ತೀರ್ಮಾನಿಸಿತ್ತು. ಅಂದರೆ ಸಮಾಜವಾದವನ್ನು ನ್ಯಾಯಾಲಯ ಉಳಿಸಿತು, ಆದರೆ ಒಡೆತನದ ಭಾರವನ್ನು ಅದರ ಹೆಗಲಿಂದ ಇಳಿಸಿ ಕಲ್ಯಾಣವನ್ನು ಹೊರಿಸಿತು. ತರಗತಿಯ ಮೊದಲ ಗುಂಪಿಗೆ ಇದು ದೊಡ್ಡ ಬಲ. ಆದರೆ ಇದು ಕಾನೂನಿನ ಉತ್ತರ, ಇತಿಹಾಸದ ಉತ್ತರ ಬೇರೆ ಇದೆ.

ಬಿಸ್ಮಾರ್ಕ್ ಸಮಾಜವಾದಿಯೇ?

ಕಲ್ಯಾಣ ಯೋಜನೆಗಳನ್ನು ಕಾಯ್ದೆಯ ಮೂಲಕ ಮೊದಲು ದೊಡ್ಡ ಪ್ರಮಾಣದಲ್ಲಿ ತಂದದ್ದು ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್. 1883ರಲ್ಲಿ ಕಾರ್ಮಿಕರ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಪಿಂಚಣಿ. ಇದೇ ಬಿಸ್ಮಾರ್ಕ್ 1878ರಲ್ಲಿ ಸಮಾಜವಾದಿಗಳ ಸಭೆ, ಪತ್ರಿಕೆಗಳನ್ನು ನಿಷೇಧಿಸುವ ಕಾಯ್ದೆಯನ್ನೂ ತಂದಿದ್ದ. ಒಂದು ಕೈಯಲ್ಲಿ ಲಾಠಿ, ಇನ್ನೊಂದು ಕೈಯಲ್ಲಿ ಪಿಂಚಣಿ. ಕಾರ್ಮಿಕರು ಕ್ರಾಂತಿಯ ಕಡೆ ಹೋಗದಂತೆ ತಡೆಯುವುದೇ ಅವನ ಲೆಕ್ಕಾಚಾರ. ಮಾರ್ಕ್ಸ್ ಅದಕ್ಕೂ ಮುಂಚೆ, 1875ರಲ್ಲಿ, ಜರ್ಮನ್ ಸಮಾಜವಾದಿಗಳ ಗೋಥಾ ಕಾರ್ಯಕ್ರಮವನ್ನು ಟೀಕಿಸುತ್ತ, ಹಂಚಿಕೆಯ ಮೇಲೆಯೇ ಕಣ್ಣಿಟ್ಟು ಉತ್ಪಾದನೆಯ ಒಡೆತನವನ್ನು ಮರೆಯುವುದು ತಪ್ಪು ಎಂದಿದ್ದರು. ಹೀಗೆ ಕಲ್ಯಾಣ ತಂದ ಬಲಪಂಥದ ಬಿಸ್ಮಾರ್ಕ್ ಸಮಾಜವಾದಿಗಳ ವೈರಿಯಾಗಿದ್ದ, ಕಲ್ಯಾಣವೇ ಸಮಾಜವಾದ ಎಂಬ ಮಾತನ್ನು ಎಡಪಂಥದ ಮಾರ್ಕ್ಸರೂ ಒಪ್ಪುತ್ತಿರಲಿಲ್ಲ.

ಬ್ರಿಟನ್ನಿನ ಕಲ್ಯಾಣ ರಾಜ್ಯದ ನೀಲನಕ್ಷೆ ಬರೆದ ಬೆವರಿಜ್ ಲಿಬರಲ್ ಪಂಥದವರು. ಅವರ ವರದಿ ಬಂದದ್ದು 1942ರಲ್ಲಿ. ಯೋಜಿತ ಆರ್ಥಿಕತೆಯನ್ನು ಜನ್ಮವೈರಿಯಂತೆ ಕಂಡ ಹಯೆಕ್ ಕೂಡ 1944ರ ಪುಸ್ತಕದಲ್ಲಿ ಅನ್ನ, ಬಟ್ಟೆ, ಸೂರಿನ ಕನಿಷ್ಠ ಭದ್ರತೆಯನ್ನು ಸರ್ಕಾರ ಕೊಡುವುದರಲ್ಲಿ ತಪ್ಪಿಲ್ಲ ಎಂದರು. ಮುಕ್ತ ಮಾರುಕಟ್ಟೆಯ ದೊಡ್ಡ ವಕೀಲ ಮಿಲ್ಟನ್ ಫ್ರೀಡ್‌ಮನ್ 1962ರಲ್ಲಿ ಬಡವರಿಗೆ ಸರ್ಕಾರವೇ ನೇರವಾಗಿ ನಗದು ಕೊಡುವ ಸೂತ್ರ ಮಂಡಿಸಿದರು. ಕಲ್ಯಾಣಕ್ಕೆ ಹೆಸರಾದ ಡೆನ್ಮಾರ್ಕಿನ ಪ್ರಧಾನಿ 2015ರಲ್ಲಿ ಅಮೆರಿಕದಲ್ಲಿ ನಿಂತು, ನಮ್ಮದು ಸಮಾಜವಾದಿ ಆರ್ಥಿಕತೆಯಲ್ಲ, ಮಾರುಕಟ್ಟೆ ಆರ್ಥಿಕತೆ ಎಂದು ತಿದ್ದಬೇಕಾಯಿತು.

ಆದರೆ ಬ್ರಿಟನ್ನಿನಲ್ಲೇ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. 1948ರ ಜುಲೈ 5ರಂದು ಲೇಬರ್ ಸರ್ಕಾರ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದಾಗ ರೋಗಿಗೆ ಹಣ ಕೊಡಲಿಲ್ಲ, ಆಸ್ಪತ್ರೆಗಳನ್ನೇ ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ಪಿಂಚಣಿಯೂ ಕಲ್ಯಾಣವೇ, ಆಸ್ಪತ್ರೆಯೂ ಕಲ್ಯಾಣವೇ. ಆದರೆ ಎರಡರ ಬುನಾದಿ ಬೇರೆ. ನಮ್ಮ ರಾಜ್ಯ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳನ್ನು ಅಳೆಯುವಾಗ ಈ ವ್ಯತ್ಯಾಸ ಉಪಯೋಗಕ್ಕೆ ಬರುತ್ತದೆ.

ಕರ್ನಾಟಕದ ಒಡೆತನದ ಪಾಠಗಳು

ಒಡೆತನ ಬದಲಾಗುವುದೆಂದರೆ ಏನೆಂದು ಕನ್ನಡನಾಡಿಗೆ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಾಗಿಲ್ಲ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತರು. ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರ ಸಮಾಜವಾದಿ ರಾಜಕಾರಣಕ್ಕೆ ಬಲ ಬಂದದ್ದು ಆ ಸತ್ಯಾಗ್ರಹದಿಂದ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಭೂನ್ಯಾಯ ಮಂಡಳಿಗಳ ಕಡತವಾಯಿತು. ಗೇಣಿದಾರ ಅರ್ಜಿ ಹಾಕಿ ಭೂಮಿಯ ಹಕ್ಕನ್ನೇ ಪಡೆದ. ತಿಂಗಳಿಗಿಷ್ಟು ಅಕ್ಕಿ ಪಡೆಯುವುದಕ್ಕೂ ಇದಕ್ಕೂ ಅಜಗಜಾಂತರ. ಗಮನಿಸಿ, ಅರಸು ಇದ್ದದ್ದು ಕಾಂಗ್ರೆಸ್‌ನಲ್ಲಿ, ಸಮಾಜವಾದಿ ಪಕ್ಷದಲ್ಲಲ್ಲ. ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು ಎಂಬುದು ಈ ಚರ್ಚೆಯ ಉದ್ದಕ್ಕೂ ಕಾಣುವ ಸಂಗತಿ.

ಬೆಂಗಳೂರಿನ ಪೂರ್ವಕ್ಕೆ ಬಂದರೆ ಪಾಠ ಕಾರ್ಖಾನೆಯ ರೂಪದಲ್ಲಿದೆ. 1940ರಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಕಟ್ಟಿದ ವಿಮಾನ ಕಾರ್ಖಾನೆ ಮುಂದೆ ಸರ್ಕಾರದ ಎಚ್‌ಎಎಲ್ ಆಯಿತು. ದೂರವಾಣಿನಗರದಲ್ಲಿ 1948ರಲ್ಲಿ ಐಟಿಐ ಬಂತು, ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಬಂತು. ಕಾಂಗ್ರೆಸ್ 1955ರ ಆವಡಿ ಅಧಿವೇಶನದಲ್ಲಿ ‘ಸಮಾಜವಾದಿ ಮಾದರಿಯ ಸಮಾಜ’ದ ಮಾತಾಡಿತು. ಹಳೇ ಮದರಾಸು ರಸ್ತೆಯ ಉದ್ದಕ್ಕೂ ಆ ಮಾತು ಸೈರನ್ ಆಗಿ, ಕ್ವಾರ್ಟರ್ಸ್ ಆಗಿ, ಕ್ಯಾಂಟೀನ್ ಆಗಿ ನಿಂತಿತು. ಅಲ್ಲಿನ ನೌಕರನಿಗೆ ಕಲ್ಯಾಣ ಪ್ರತ್ಯೇಕ ಯೋಜನೆಯಾಗಿ ಬರಲಿಲ್ಲ, ಕೆಲಸದ ಜೊತೆಗೇ ಬಂತು. ಎನ್‌ಜಿಇಎಫ್ ಈ ಶತಮಾನದ ಆರಂಭದಲ್ಲೇ ಬಾಗಿಲು ಹಾಕಿತು. ಐಟಿಐ ನಷ್ಟದಲ್ಲಿ ಏದುಸಿರು ಬಿಟ್ಟಿತು. ಎರಡನೆಯ ಗುಂಪಿನ ಹುಡುಗರು ಸರ್ಕಾರದ ಒಡೆತನ ಎಂದರೆ ನಷ್ಟ ಎನ್ನುವಾಗ ಕೈ ತೋರಿಸುವುದು ಇತ್ತ ಕಡೆಗೆ. ಅದು ಅರ್ಧ ಸತ್ಯ, ಯಾಕೆಂದರೆ ಅದೇ ಸಾಲಿನ ಎಚ್‌ಎಎಲ್ ಲಾಭದಲ್ಲಿದೆ.

ಮೂರನೆಯ ಪಾಠ ಬಸ್ಸಿನದು. ಖಾಸಗಿಯಾಗಿದ್ದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 1956ರಲ್ಲಿ ರಾಷ್ಟ್ರೀಕರಣವಾಗಿ ಬಿಟಿಎಸ್ ಆಯಿತು, ಅದೇ 1997ರಲ್ಲಿ ಬಿಎಂಟಿಸಿ ಆಯಿತು. 1976ರಲ್ಲಿ ರಾಜ್ಯ ಸರ್ಕಾರ ಖಾಸಗಿ ಕಾಂಟ್ರ್ಯಾಕ್ಟ್ ಕ್ಯಾರೇಜ್ ಬಸ್‌ಗಳನ್ನೂ ಕಾಯ್ದೆ ಮಾಡಿ ವಶಕ್ಕೆ ತೆಗೆದುಕೊಂಡಿತು. ಮಾಲೀಕರು ಕೋರ್ಟ್ ಹತ್ತಿದರು. 1977ರಲ್ಲಿ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು. ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲವೇ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದದ್ದು ಈ ಕರ್ನಾಟಕದ ಬಸ್ಸುಗಳ ಮೊಕದ್ದಮೆಯಲ್ಲಿ. 2024ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ತಳ್ಳಿಹಾಕಿದ್ದು ಅದೇ ಮಾತನ್ನು. ಆ ಒಂಬತ್ತರ ಪೀಠದಲ್ಲಿದ್ದ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಕಾಲ ಬದಲಾಯಿತೆಂದು ಹಿಂದಿನವರನ್ನು ದೂರುವುದು ಸಲ್ಲದು ಎಂದು ಪ್ರತ್ಯೇಕವಾಗಿ ಬರೆದರು.

ಐದು ಗ್ಯಾರಂಟಿ, ಬೇರೆ ಬೇರೆ ಬಗೆ

ಈಗ ಗ್ಯಾರಂಟಿಗಳಿಗೆ ಬರೋಣ. 2023ರ ಜೂನ್ 11ರಂದು ಆರಂಭವಾದ, ಮಹಿಳೆಯರಿಗೆ ಪುಕ್ಕಟೆ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆ ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಹಲಸೂರಿನಲ್ಲಿ ಬಸ್ ಹತ್ತಿದ ಹೆಂಗಸು ಆಧಾರ್ ಕಾರ್ಡ್ ತೋರಿಸುತ್ತಾಳೆ. ಕಂಡಕ್ಟರ್ ಇಳಿಯುವ ಸ್ಟಾಪ್ ಕೇಳಿ ಶೂನ್ಯ ದರದ ಟಿಕೆಟ್ ಕೊಡುತ್ತಾರೆ, ಜನರ ಬಾಯಲ್ಲಿ ಅದು ಪಿಂಕ್ ಟಿಕೆಟ್. ಅವಳಿಗೆ ಅದು ಸೊನ್ನೆ, ಬಸ್ ನಿಗಮಕ್ಕೆ ಸೊನ್ನೆಯಲ್ಲ. ಎಲ್ಲಿಂದ ಎಲ್ಲಿಗೆ ಎಂಬ ಲೆಕ್ಕ ಉಳಿಯುತ್ತದೆ, ಅದರ ಮೇಲೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡಬೇಕು. ಆ ಸಣ್ಣ ಚೀಟಿ ಅವಳ ಪಾಲಿಗೆ ಹಕ್ಕುಪತ್ರ, ನಿಗಮದ ಪಾಲಿಗೆ ಸರ್ಕಾರ ಕೊಡಬೇಕಾದ ಸಾಲದ ಚೀಟಿ. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಸಿಎಂಎಚ್ ರಸ್ತೆಯ ಮೇಲೆ ಓಡುವ ಮೆಟ್ರೋಗೆ ಈ ಯೋಜನೆ ಅನ್ವಯಿಸುವುದಿಲ್ಲ, ಎ.ಸಿ. ಬಸ್‌ಗೂ ಇಲ್ಲ.

2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆ ಸಂಘಟನೆಗಳು ಬೆಂಗಳೂರಿನಲ್ಲಿ ಬಂದ್ ಮಾಡಿದವು. ಅವರ ಬೇಡಿಕೆಗಳಲ್ಲಿ ಒಂದು: ಶಕ್ತಿ ಯೋಜನೆಯನ್ನು ಖಾಸಗಿ ಬಸ್‌ಗೂ ವಿಸ್ತರಿಸಿ. ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಸರ್ಕಾರ ಒಪ್ಪಿದ್ದರೆ ಹೆಂಗಸಿಗೆ ಸಿಗುತ್ತಿದ್ದುದು ಅದೇ ಪುಕ್ಕಟೆ ಪ್ರಯಾಣ. ಸರ್ಕಾರದ ಹಣ ಮಾತ್ರ ಖಾಸಗಿ ಮಾಲೀಕನಿಗೆ ಹೋಗುತ್ತಿತ್ತು. ಕಲ್ಯಾಣ ಅಷ್ಟೇ ಇರುತ್ತಿತ್ತು, ಸಮಾಜವಾದದ ಪಾಲು ಸೊನ್ನೆಯಾಗುತ್ತಿತ್ತು. ಪುಕ್ಕಟೆ ಕೊಡುವುದು ಒಂದು ಪ್ರಶ್ನೆ, ಯಾರ ಬಸ್ಸಿನಲ್ಲಿ ಕೊಡುವುದು ಇನ್ನೊಂದು ಪ್ರಶ್ನೆ.

ಈ ಅಳತೆಗೋಲು ಹಿಡಿದರೆ ಐದೂ ಗ್ಯಾರಂಟಿಗಳು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಶಕ್ತಿ ಸಾರ್ವಜನಿಕ ಒಡೆತನದ ಸೇವೆ. ಗೃಹಜ್ಯೋತಿ ಅದರ ಪಕ್ಕದಲ್ಲಿದೆ: ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ, 200 ಯೂನಿಟ್ ಮಿತಿಯೊಳಗೆ ಬೆಸ್ಕಾಂ ವಿದ್ಯುತ್ ಬಿಲ್ ಶೂನ್ಯ ಮಾಡುತ್ತದೆ. ಬಾಡಿಗೆದಾರರಿಗೂ ಅನ್ವಯಿಸುವುದರಿಂದ ಜೋಗುಪಾಳ್ಯದ ವಠಾರಗಳಿಗೂ ತಲುಪಿತು. ಬೆಸ್ಕಾಂ ಸರ್ಕಾರಿ ಕಂಪನಿ ಆಗಿರುವುದರಿಂದಲೇ ಇಷ್ಟು ಸಲೀಸಾಯಿತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಪದವೀಧರ ನಿರುದ್ಯೋಗಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಕೊಡುವುದು ಯುವನಿಧಿ. ಎರಡೂ ನಗದು. ಆ ಹಣದಲ್ಲಿ ಏನು ಕೊಳ್ಳಬೇಕು, ಯಾರ ಅಂಗಡಿಯಲ್ಲಿ ಎಂಬುದು ಅವರವರ ಇಷ್ಟ. ಫ್ರೀಡ್‌ಮನ್ ಇದ್ದಿದ್ದರೆ ಮೊತ್ತದ ಬಗ್ಗೆ ತಕರಾರು ತೆಗೆಯುತ್ತಿದ್ದರೇನೋ, ವಿಧಾನದ ಬಗ್ಗೆ ಅಲ್ಲ.

ಅನ್ನಭಾಗ್ಯದ ಕಥೆ ಇನ್ನೂ ಸ್ವಾರಸ್ಯ. 2013ರ ಜುಲೈನಲ್ಲಿ ಕೆ.ಜಿ.ಗೆ ಒಂದು ರೂಪಾಯಿಯಂತೆ ಆರಂಭವಾದ ಯೋಜನೆ ಇದು. 2023ರಲ್ಲಿ ತಲೆಗೆ 10 ಕೆ.ಜಿ. ಎಂದು ಮಾತು ಕೊಟ್ಟ ಸರ್ಕಾರಕ್ಕೆ ಹೆಚ್ಚುವರಿ ಅಕ್ಕಿ ಮಾರಲು ಕೇಂದ್ರ ಒಪ್ಪಲಿಲ್ಲ. ಭಾರತೀಯ ಆಹಾರ ನಿಗಮದ ಉಗ್ರಾಣ ರಾಜ್ಯಕ್ಕೆ ಮುಚ್ಚಿಕೊಂಡಿತು. ಆಗ ಹೆಚ್ಚುವರಿ ಐದು ಕೆ.ಜಿ.ಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಲಾಯಿತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿ ಬಂತು. ಉಗ್ರಾಣ, ಲಾರಿ, ನ್ಯಾಯಬೆಲೆ ಅಂಗಡಿ ಎಂಬ ಸಾರ್ವಜನಿಕ ಸರಪಳಿಯ ಒಂದು ಕೊಂಡಿ ಕಳಚಿದ ಕೂಡಲೇ ಅನ್ನಭಾಗ್ಯ ನಗದುಭಾಗ್ಯವಾಯಿತು. ಪೇಟೆಯಲ್ಲಿ ಅಕ್ಕಿಯ ಬೆಲೆ ಏರಿದರೂ ಆ 170 ರೂಪಾಯಿ ಏರುತ್ತಿರಲಿಲ್ಲ. ಸೊಸೈಟಿಯಲ್ಲಿ ಸಿಗುವ ಐದು ಕೆ.ಜಿ. ಮಾತ್ರ ಯಾವತ್ತೂ ಐದೇ ಕೆ.ಜಿ.

ಹಣ ಯಾರದು?

2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 51,000 ಕೋಟಿ, ಅಂದರೆ ಎಂಟರಲ್ಲಿ ಒಂದು ಪಾಲು. ಉಳ್ಳವರಿಂದ ತೆಗೆದು ಇಲ್ಲದವರಿಗೆ ಕೊಡುವುದು ಸಮಾಜವಾದ ಎನ್ನುವುದಾದರೆ ಈ ಹಣ ಯಾರಿಂದ ಬಂತು ಎಂದೂ ಕೇಳಬೇಕಲ್ಲ. ಕೃಷಿಯೇತರ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ. ಅದರ ಕೈಯಲ್ಲಿ ಮುಖ್ಯವಾಗಿ ಇರುವುದು ಮದ್ಯ, ಪೆಟ್ರೋಲು, ನೋಂದಣಿ, ವಾಹನ ತೆರಿಗೆ, ಜೊತೆಗೆ ಜಿಎಸ್‌ಟಿಯ ಪಾಲು. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಮೇಲಿನ ಅಬಕಾರಿ ಸುಂಕ ಶೇ 20 ಏರಿತು. 2024ರ ಜೂನ್‌ನಲ್ಲಿ ಪೆಟ್ರೋಲು ಲೀಟರಿಗೆ ಮೂರು ರೂಪಾಯಿ ದುಬಾರಿಯಾಯಿತು. ಸಂಜೆ ಕ್ವಾರ್ಟರ್ ಕೊಳ್ಳುವ ಗಂಡನಿಂದ ತೆಗೆದು ತಿಂಗಳಿಗೊಮ್ಮೆ ಹೆಂಡತಿಯ ಖಾತೆಗೆ ಹಾಕುವ ವ್ಯವಹಾರ ಇದರಲ್ಲಿ ಒಂದಷ್ಟು ಇದೆ. ಮನೆಯೊಳಗಿನ ಸಮಾನತೆಗೆ ಇದರಿಂದ ಲಾಭವಾಗಬಹುದು, ವರ್ಗ ವರ್ಗಗಳ ನಡುವಿನ ಅಂತರಕ್ಕೆ ಅಲ್ಲ. ಪರಿಶಿಷ್ಟರಿಗೆಂದು ಮೀಸಲಾದ ಉಪಯೋಜನೆಯ ಸಾವಿರಾರು ಕೋಟಿಯನ್ನು ಗ್ಯಾರಂಟಿಗಳ ಲೆಕ್ಕಕ್ಕೆ ಸೇರಿಸಿದ್ದನ್ನು ದಲಿತ ಸಂಘಟನೆಗಳು ವಿರೋಧಿಸಿದ್ದೂ ‘ಹಣ ಯಾರದು’ ಎಂದು ಕೇಳಿಯೇ. ಎಲ್ಲರಿಗೂ ಕೊಡುವ ಹಣದಲ್ಲಿ ನಮ್ಮ ಪಾಲು ಸೇರಿದರೆ ನಮಗೆಂದೇ ಇಟ್ಟದ್ದು ಎಲ್ಲಿ ಹೋಯಿತು ಎಂಬುದು ಅವರ ಪ್ರಶ್ನೆ. ಅದಕ್ಕೆ ನೇರ ಉತ್ತರ ಇನ್ನೂ ಬಂದಿಲ್ಲ.

ಬಿಟ್ಟಿಯೋ, ಹಕ್ಕೋ?

ತರಗತಿಯಲ್ಲಿ ಚಪ್ಪಾಳೆ ಗಿಟ್ಟಿಸುವ ವಾದ ಮಾತ್ರ ಬೇರೆ: ಬಿಟ್ಟಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ. 2022ರ ಜುಲೈನಲ್ಲಿ ಪ್ರಧಾನಿ ‘ರೇವಡಿ ಸಂಸ್ಕೃತಿ’ ಎಂದು ಟೀಕಿಸಿದ ಮೇಲೆ ಈ ವಾದಕ್ಕೆ ದೇಶಮಟ್ಟದ ಬಲ ಬಂತು. ಆದರೆ ರೈತರ ಖಾತೆಗೆ ವರ್ಷಕ್ಕೆ 6,000 ರೂಪಾಯಿ ಹಾಕುವ ಯೋಜನೆ ಕೇಂದ್ರದ್ದೇ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಭಾಗ್ಯಲಕ್ಷ್ಮಿ ಬಾಂಡ್, ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದ್ದು ಯಡಿಯೂರಪ್ಪ ಹಣಕಾಸು ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ. ನಮ್ಮವರು ಕೊಟ್ಟರೆ ಸಬಲೀಕರಣ, ಎದುರಿನವರು ಕೊಟ್ಟರೆ ಬಿಟ್ಟಿ ಭಾಗ್ಯ ಎಂಬ ಚಾಳಿ ಎಲ್ಲ ಪಕ್ಷಕ್ಕೂ ಇದೆ. ಹಲಸೂರು, ಜೋಗುಪಾಳ್ಯದ ಮಟ್ಟಿಗೆ ಸೋಮಾರಿತನದ ಮಾತು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೆಳಗ್ಗೆ ಬಸ್ ಹಿಡಿದು ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ, ಆಸ್ಪತ್ರೆಯ ಆಯಾ ಕೆಲಸಕ್ಕೆ ಹೋಗುವವರಿಗೆ ಉಳಿದ ಬಸ್ ಚಾರ್ಜು ದುಡಿಮೆಯ ಕೂಲಿಗೇ ಸೇರುತ್ತದೆ. ದುಡಿಯಲು ಹೋಗುವ ದಾರಿಯನ್ನು ಅಗ್ಗ ಮಾಡಿದರೆ ಸೋಮಾರಿತನ ಹೇಗೆ ಹುಟ್ಟೀತು?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಸರ್ಕಾರ ಬದಲಾದರೆ ಈ ಯೋಜನೆಗಳು ಉಳಿಯುತ್ತವೆಯೇ? 2013ರ ಆಹಾರ ಭದ್ರತಾ ಕಾಯ್ದೆಯ ಅಕ್ಕಿ ಹಕ್ಕು, ಯಾವ ಸರ್ಕಾರ ಬಂದರೂ ಕೊಡಬೇಕು. 2001ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಶಾಲೆಯ ಬಿಸಿಯೂಟವೂ ಹಾಗೆಯೇ. ಗೃಹಲಕ್ಷ್ಮಿಗೆ ಅಂಥ ಕಾಯ್ದೆಯ ಆಸರೆ ಇಲ್ಲ. ಕಂತು ತಡವಾದಾಗ ಯಜಮಾನಿ ಬ್ಯಾಂಕಿನ ಪಾಸ್‌ಬುಕ್ ಹಿಡಿದು ಓಡಾಡಬೇಕೇ ಹೊರತು, ಕಾನೂನಿನ ಬಲದಿಂದ ಕೇಳುವಂತಿಲ್ಲ. ಕೊಡುವವರ ಫೋಟೊ ದೊಡ್ಡದಾದಷ್ಟೂ ಪಡೆಯುವವರ ಹಕ್ಕು ಚಿಕ್ಕದಾಗುತ್ತದೆ.

ಈ ನಡುವೆ ಕರ್ನಾಟಕ ಸಾರ್ವಜನಿಕ ಸೇವೆಯೂ ಅಲ್ಲದ, ನಗದೂ ಅಲ್ಲದ ಮೂರನೆಯ ಬಗೆಯೊಂದನ್ನು ಆರಂಭಿಸಿದೆ. ಇಂದಿರಾನಗರದ ನೂರಡಿ ರಸ್ತೆಯ ಹೋಟೆಲುಗಳ ಮುಂದೆ ಬೈಕ್ ನಿಲ್ಲಿಸಿಕೊಂಡು ಆರ್ಡರಿಗೆ ಕಾಯುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕಾಯ್ದೆ ಬಂತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯೇ ಕಟ್ಟಬೇಕು. ಈ ವಂತಿಗೆಯ ದಾರಿ ಹೊಸದೇನಲ್ಲ. ಇಂದಿರಾನಗರದ ಇಎಸ್‌ಐ ಆಸ್ಪತ್ರೆ ನಡೆಯುವುದೂ ಮಾಲೀಕ, ಕಾರ್ಮಿಕ ಇಬ್ಬರ ವಂತಿಗೆಯಿಂದ, 1948ರ ಕಾಯ್ದೆಯ ಬಲದಿಂದ. ಇದು ಬಿಸ್ಮಾರ್ಕನ ದಾರಿ, ಮಾರ್ಕ್ಸರದಲ್ಲ. ಆದರೆ ಲಾಭ ಮಾಡುವವನಿಂದಲೇ ಹಣ ತೆಗೆಯುವುದರಿಂದ, ಮದ್ಯದ ಸುಂಕದಿಂದ ನಡೆಯುವ ನಗದಿಗಿಂತ ನ್ಯಾಯಕ್ಕೆ ಹತ್ತಿರ.

ತೀರ್ಮಾನ

ಹಾಗಾದರೆ ತರಗತಿಗೆ ಕೊಡಬೇಕಾದ ಉತ್ತರ ಏನು? ಕಲ್ಯಾಣವೇ ಸಮಾಜವಾದವಲ್ಲ. ಸಮಾಜವಾದಿಗಳನ್ನು ಜೈಲಿಗೆ ಕಳಿಸಿದವರೂ ಕಲ್ಯಾಣ ಯೋಜನೆ ತಂದಿದ್ದಾರೆ, ಮಾರುಕಟ್ಟೆಯನ್ನೇ ನಂಬಿದವರೂ ಒಪ್ಪಿದ್ದಾರೆ. ಇಷ್ಟರ ಮಟ್ಟಿಗೆ ಮೂರನೆಯ ಗುಂಪು ಗೆದ್ದಂತೆ. ಆದರೆ ಅವರಿಗೆ ಬೇಕಾದ ತಿದ್ದುಪಡಿ ಇದು: ನಮ್ಮ ಕಲ್ಯಾಣದಲ್ಲಿ ಚೆನ್ನಾಗಿ ನಡೆಯುತ್ತಿರುವ ಭಾಗ ನಿಂತಿರುವುದು ಹಿಂದಿನವರು ಸಾರ್ವಜನಿಕ ಒಡೆತನದಲ್ಲಿ ಕಟ್ಟಿಟ್ಟ ಬಸ್ ನಿಗಮ, ವಿದ್ಯುತ್ ಕಂಪನಿ, ಪಡಿತರದ ಉಗ್ರಾಣಗಳ ಮೇಲೆ. ಅಂದಿನ ಖಾಸಗಿ ಬಸ್ ಕಂಪನಿ ರಾಷ್ಟ್ರೀಕರಣ ಆಗಿ ಬಿಟಿಎಸ್ ಆಗದೇ ಹೋಗಿದ್ದರೆ ಶಕ್ತಿ ಯೋಜನೆ ಒಂದು ಆದೇಶದಿಂದ ಶುರುವಾಗುತ್ತಿರಲಿಲ್ಲ, ನೂರಾರು ಮಾಲೀಕರ ಜೊತೆ ಚೌಕಾಸಿ ಮಾಡಬೇಕಾಗುತ್ತಿತ್ತು. ಆ ನಿಗಮಗಳಿಗೆ ಸಲ್ಲಬೇಕಾದ ಹಣ ಬಾಕಿ ಉಳಿಸುತ್ತ, ಹೊಸ ಬಸ್ಸು, ಹೊಸ ನೇಮಕಾತಿಗಳನ್ನು ಮುಂದೂಡುತ್ತ ಹೋದರೆ, ಒಂದು ದಿನ ಟಿಕೆಟ್ ಪುಕ್ಕಟೆ ಇರುತ್ತದೆ, ಬಸ್ಸೇ ಬರುವುದಿಲ್ಲ. ಆಗ ಎಲ್ಲರ ಖಾತೆಗೂ ಒಂದಿಷ್ಟು ನಗದು ಹಾಕಿ ಆಟೊ ಹಿಡಿದುಕೊಳ್ಳಿ ಎನ್ನುವುದೊಂದೇ ದಾರಿ.

ಆದ್ದರಿಂದ ಮೇಷ್ಟ್ರು ಚರ್ಚೆಗೆ ಇಡಬೇಕಾದ ವಿಷಯವನ್ನೇ ಬದಲಿಸುವುದು ಒಳ್ಳೆಯದು. ಯೋಜನೆಗೆ ಯಾವ ಹೆಸರು ಎಂದು ಕೇಳಿದರೆ ಮಕ್ಕಳು ತಮ್ಮ ಮನೆಯ ಪಕ್ಷದ ಉತ್ತರ ಹೇಳುತ್ತಾರೆ. ಇದು ಕಾಯ್ದೆಯಲ್ಲಿದೆಯೇ, ಇದಕ್ಕೆ ಹಣ ಯಾರ ಜೇಬಿನಿಂದ ಬರುತ್ತದೆ, ಇದನ್ನು ತಲುಪಿಸುವ ಸಂಸ್ಥೆ ಯಾರದು ಎಂದು ಮೂರು ಪ್ರಶ್ನೆ ಕೇಳಿದರೆ ಬಜೆಟ್ ಪುಸ್ತಕ ತೆರೆಯಬೇಕಾಗುತ್ತದೆ. ಮೂರಕ್ಕೂ ಒಳ್ಳೆಯ ಉತ್ತರ ಸಿಗುವ ಯೋಜನೆಯನ್ನು ಸಮಾಜವಾದ ಎಂದು ಯಾರಾದರೂ ಬೈದರೂ ಅದಕ್ಕೆ ನಷ್ಟವಿಲ್ಲ, ಒಂದಕ್ಕೂ ಉತ್ತರ ಸಿಗದ ಯೋಜನೆಯನ್ನು ಸಮಾಜವಾದ ಎಂದು ಹೊಗಳಿದರೂ ಅದು ಮುಂದಿನ ಚುನಾವಣೆಯವರೆಗಷ್ಟೇ ಬಾಳುತ್ತದೆ.